ಒಂದು ಡಿಗ್ರಿಯ ಸೈನ್ ಬೆಲೆ ಸಿಕ್ಕಿದ್ದು ಹೇಗೆ?

ಸೈನ್ 30° ಎಷ್ಟು ಎಂದು ಕೇಳಿದರೆ ನಾವೆಲ್ಲ ತಕ್ಷಣ ಅರ್ಧ ಎನ್ನುತ್ತೇವೆ. ಸೈನ್ 1° ಎಷ್ಟು ಎಂದರೆ ಕ್ಯಾಲ್ಕುಲೇಟರ್ ಹುಡುಕುತ್ತೇವೆ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಇದನ್ನು ಕಂಡುಹಿಡಿದ ಬಗೆಯನ್ನು ನಿಮಗೆ ಹೇಳಬೇಕೆನಿಸಿತು. ಅದಕ್ಕೆ ಬೇಕಾದ ಗಣಿತವೆಲ್ಲ ನಮ್ಮ ಪಿಯುಸಿ ಪಠ್ಯದಲ್ಲೇ ಇದೆ.

ಸುಲ್ತಾನ್ ಫಿರೋಜ್ ಶಾಹ ಬಹಮನಿ (1397–1422) ನಮ್ಮ ಕಲಬುರಗಿಯಿಂದ ಆಳುತ್ತಿದ್ದಾಗ, 1407ರಲ್ಲಿ ದೌಲತಾಬಾದ್ ಬಳಿ ಖಗೋಳ ವೀಕ್ಷಣಾಲಯ ಕಟ್ಟಿಸಲು ತೊಡಗಿದರು. ಅದು ಪೂರ್ಣವಾಗಲಿಲ್ಲ. ಅದೇ ಶತಮಾನದಲ್ಲಿ ಸಮರ್ಖಂಡದ ಉಲುಗ್ ಬೇಗ್ ವೀಕ್ಷಣಾಲಯ ಪ್ರಸಿದ್ಧವಾಯಿತು. ಅಲ್ಲಿದ್ದ ಗಣಿತಜ್ಞ ಜಮ್‌ಶೀದ್ ಅಲ್-ಕಾಶಿ (ನಿಧನ 1429). ಗ್ರಹಗಳ ಸ್ಥಾನ, ನಮಾಜಿನ ವೇಳೆ, ಕಿಬ್ಲಾದ ದಿಕ್ಕು, ಇವೆಲ್ಲದರ ಲೆಕ್ಕಕ್ಕೂ ಸೈನ್ ಕೋಷ್ಟಕ ಬೇಕು. ಆ ಕೋಷ್ಟಕದ ಅಡಿಪಾಯ ಸೈನ್ 1°. ಅಲ್ಲಿ ತಪ್ಪಾದರೆ ಮುಂದಿನ ಸಾಲುಗಳಿಗೂ ತಪ್ಪು ಹರಿಯುತ್ತದೆ.

18° ಮತ್ತು 15°ಯ ಬೆಲೆಗಳು ವರ್ಗಮೂಲಗಳಿಂದ ಸಿಗುತ್ತವೆ. ಅವುಗಳಿಂದ ಸೈನ್ 3° = 0.0523359562 ಎಂದು ಬರುತ್ತದೆ. 3°ಯಿಂದ 1°ಗೆ ಇಳಿಯಲು ಮಾತ್ರ ವರ್ಗಮೂಲ ಸಾಲದು. ಸೈನ್ 1° ಅನ್ನು ‘ಕ’ ಎನ್ನೋಣ. ತ್ರಿಗುಣ ಕೋನದ ಸೂತ್ರದಂತೆ:

3ಕ − 4ಕ³ = 0.0523359562

ಇದು ಘನ ಸಮೀಕರಣ. ಸುಲಭವಾಗಿ ಅಪವರ್ತಿಸಲು ಬರುವುದಿಲ್ಲ. ಅಲ್-ಕಾಶಿ ಇದನ್ನು ತಿರುಗಿಸಿ ಬರೆದುಕೊಂಡರು:

ಕ = (0.0523359562 + 4ಕ³) ÷ 3

ಎರಡೂ ಕಡೆ ‘ಕ’ ಇದೆಯಲ್ಲ ಎನ್ನಬಹುದು. ಆದರೆ ‘ಕ’ ಚಿಕ್ಕದು, ಅದರ ಘನ ಇನ್ನೂ ಚಿಕ್ಕದು. ಮೊದಲು ಘನವನ್ನು ಬಿಟ್ಟು ಅಂದಾಜು ಮಾಡಿ, ಬಂದ ಉತ್ತರವನ್ನೇ ಬಲಗಡೆ ಹಾಕುತ್ತ ಹೋಗಬೇಕು. ಅವರು 60ರ ಮಾನದಲ್ಲಿ ಮಾಡಿದ್ದನ್ನು ನಾನು ದಶಮಾಂಶದಲ್ಲಿ ಮಾಡಿದ್ದೇನೆ:

ಮೊದಲ ಸಲ: 0.0174453187
ಎರಡನೇ ಸಲ: 0.0174523978
ಮೂರನೇ ಸಲ: 0.0174524064

ನಾಲ್ಕನೇ ಸಲ ಮಾಡಿದರೂ ಈ ಹತ್ತು ಸ್ಥಾನಗಳು ಬದಲಾಗುವುದಿಲ್ಲ. ಕ್ಯಾಲ್ಕುಲೇಟರ್ ಕೊಡುವುದೂ ಇದೇ ಬೆಲೆ.

ಇಷ್ಟು ಬೇಗ ಉತ್ತರ ಬಂದದ್ದೇಕೆ? ಬಲಭಾಗದ ಅವಕಲನ 4ಕ². ಇಲ್ಲಿ ಅದರ ಬೆಲೆ ಸುಮಾರು 0.0012. ಅಂದರೆ ಪ್ರತಿ ಸಲವೂ ದೋಷ ಸುಮಾರು 820ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಅವಕಲನದ ಪರಿಮಾಣ 1ಕ್ಕಿಂತ ಹೆಚ್ಚಿದ್ದರೆ ದೋಷ ಬೆಳೆಯುತ್ತದೆ. ಇದೇ ಸೂತ್ರದಲ್ಲಿ 1ರಿಂದ ಶುರು ಮಾಡಿ ನೋಡಿ: 1.35, 3.30, ಹೀಗೆ ಬೆಳೆಯುತ್ತಲೇ ಹೋಗುತ್ತದೆ. ಆದ್ದರಿಂದ ಅಂದಾಜಿನಿಂದ ಶುರು ಮಾಡುವುದು ತಪ್ಪಲ್ಲ. ದೋಷ ಕುಗ್ಗುತ್ತಿದೆಯೇ ಎಂದು ನೋಡದಿರುವುದು ತಪ್ಪು. ಮುಂದೆ ಇಂಜಿನಿಯರಿಂಗ್, ಬಿಎಸ್ಸಿಯಲ್ಲಿ ಬರುವ ನ್ಯೂಟನ್-ರಾಫ್ಸನ್ ವಿಧಾನಕ್ಕೂ ಈ ಎಚ್ಚರ ಬೇಕು.

ನೀವೂ ಒಂದು ಪ್ರಯೋಗ ಮಾಡಿ. ಕ್ಯಾಲ್ಕುಲೇಟರನ್ನು ರೇಡಿಯನ್‌ಗೆ ಇಟ್ಟು, 1ರಿಂದ ಆರಂಭಿಸಿ ಕಾಸ್ ಗುಂಡಿಯನ್ನು ಒತ್ತುತ್ತಲೇ ಇರಿ. ಮೂವತ್ತಕ್ಕೂ ಹೆಚ್ಚು ಸಲ ಒತ್ತಿದ ಮೇಲೆ 0.739085ರಲ್ಲಿ ನಿಲ್ಲುತ್ತದೆ. ಅದು ಯಾವ ಸಮೀಕರಣದ ಉತ್ತರ? ಅಲ್-ಕಾಶಿಗೆ ಮೂರು ಸಲ ಸಾಕಾದದ್ದು ಇಲ್ಲಿ ಮೂವತ್ತು ಸಲ ಏಕೆ ಬೇಕಾಯಿತು? ಅವಕಲನ ಮಾಡಿ ನೋಡಿದರೆ ಉತ್ತರ ಸಿಗುತ್ತದೆ.