ಹೊಲದ ಬೆರಕೆ ಸೊಪ್ಪನ್ನು ಎಳೆಯರಿಗೆ ಪರಿಚಯಮಾಡಿಸುವ ಕ್ರಮ

ಮುಂಗಾರು ಮಳೆ ಬಿದ್ದು ರಾಗಿಯ ಪೈರು ಗೇಣುದ್ದ ಏಳುವ ವೇಳೆಗೆ ಸಾಲುಗಳ ನಡುವೆ ಅಣ್ಣೆ, ಗೋಣಿ, ಕೀರೆ, ಗಣಿಕೆ ಮೊದಲಾದ ಗಿಡಗಳು ತಾವಾಗಿಯೇ ಹುಟ್ಟುತ್ತವೆ. ಹೊಲದವನ ಲೆಕ್ಕದಲ್ಲಿ ಇವು ಕಳೆ. ಕೋಲಾರ, ಬೆಂಗಳೂರು ಸೀಮೆಯ ಅಡಿಗೆಮನೆಯ ಲೆಕ್ಕದಲ್ಲಿ ಇವೇ ಬೆರಕೆ ಸೊಪ್ಪು. ಇವುಗಳಲ್ಲಿ ತಿನ್ನತಕ್ಕದ್ದು ಯಾವುದು, ಬಿಡತಕ್ಕದ್ದು ಯಾವುದು ಎಂಬ ತಿಳಿವಳಿಕೆಯು ಬಹುಮಟ್ಟಿಗೆ ಕಳೆ ಕೀಳುವ ವೃದ್ಧ ಹೆಂಗಸರಲ್ಲಿ ಉಳಿದಿದೆ. ಅವರ ಹಿಂದೆ ಎಳೆಯರು ಹೊಲಕ್ಕೆ ಹೋಗದಿದ್ದಲ್ಲಿ ಅದು ಅವರೊಡನೆಯೇ ಮುಗಿಯುವುದು.

1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷವಿತ್ತು; 1876–78ರ ಮಹಾಕ್ಷಾಮದ ತರುವಾಯ, 1881ರಲ್ಲಿ, ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂಥ ಕಾಲದಲ್ಲಿ ಸೊಪ್ಪೊಂದೇ ಪ್ರಾಣವನ್ನು ಉಳಿಸಲಾರದು. ಮೇಲಾಗಿ ಹಸಿದವನು ಗುರುತಿಲ್ಲದ ಗಿಡಕ್ಕೂ ಕೈಹಾಕುವನು. ಆದಕಾರಣ ಕಲಿಸುವ ಕೆಲಸವು ಸುಭಿಕ್ಷದಲ್ಲಿಯೇ ನಡೆಯತಕ್ಕದ್ದು.

ಇದರಲ್ಲಿ ಜಮೀನುದಾರರಿಗೂ ಲಾಭವುಂಟು. ಅಣ್ಣೆಯು ಹೂತೆನೆ ಬಿಟ್ಟಮೇಲೆ ಹೇರಳವಾಗಿ ಬೀಜ ಚೆಲ್ಲುವುದು. ಅಡಿಗೆಗೆ ಬೇಕಾದುದಾದರೋ ಹೂ ಬರುವುದಕ್ಕೆ ಮುಂಚಿನ ಎಳೆಯ ಗಿಡ. ಅದನ್ನು ಬೇರುಸಹಿತ ಕಿತ್ತುಕೊಂಡು ಹೋದವರು ಮುಂದಿನ ವರ್ಷದ ಕಳೆಯನ್ನೂ ಕಿತ್ತಂತೆಯೇ. ಹೀಗಿರುವಾಗ ಸೊಪ್ಪಿಗೆ ಬಂದ ಮಕ್ಕಳನ್ನು ಬದುವಿನಿಂದ ಗದರಿಸಿ ಓಡಿಸುವುದು ಯುಕ್ತವಲ್ಲ.

ಒಂದೇ ದಿನ ಹತ್ತು ಗಿಡಗಳನ್ನು ತೋರಿಸಿದರೆ ಒಂದೂ ನಿಲ್ಲುವುದಿಲ್ಲ. ಒಂದು ಮಳೆಗಾಲಕ್ಕೆ ಎರಡು ಮೂರು ಸಾಕು. ಮೊಳಕೆಯಲ್ಲಿ, ಎಳೆಯದರಲ್ಲಿ, ಹೂವಿನಲ್ಲಿ ಒಂದೇ ಗಿಡವನ್ನು ಮತ್ತೆ ಮತ್ತೆ ತೋರಿಸಿ, ಮುಟ್ಟಿಸಿ, ಮುರಿಸಬೇಕು. ಗೋಣಿ ಸೊಪ್ಪಿನ ಕಾಂಡವನ್ನು ಮುರಿದರೆ ನೀರಿನಂಥ ರಸ ಬರುವುದೇ ಹೊರತು ಹಾಲು ಬರುವುದಿಲ್ಲ. ಅದರಂತೆಯೇ ನೆಲಕ್ಕೆ ಹರಡಿದ ಗಿಡದಲ್ಲಿ ಬಿಳಿಯ ಹಾಲು ಕಂಡರೆ ಅದನ್ನು ಬಿಸುಡತಕ್ಕದ್ದು. ಗಣಿಕೆಯ ಹಸುರು ಕಾಯಿ ವಿಷಯುಕ್ತವಾದುದು. ಅದರ ಎಳೆಯ ಎಲೆಗಳನ್ನು ಮಾತ್ರ ಚೆನ್ನಾಗಿ ಬೇಯಿಸಿ, ಬಸಿದ ನೀರನ್ನು ಚೆಲ್ಲಿ ಉಪಯೋಗಿಸಬೇಕು.

ಎಲ್ಲಕ್ಕಿಂತ ಮೊದಲು ತೋರಿಸಬೇಕಾದ ಗಿಡವು ತಿನ್ನತಕ್ಕದ್ದಲ್ಲ, ಉಮ್ಮತ್ತಿ. ಅದರ ಎಳೆಯ ಎಲೆ ಬೇರೆ ಸೊಪ್ಪಿನೊಡನೆ ಬೆರೆತುಹೋಗುವುದುಂಟು. ತಿಂದವರಿಗೆ ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಬುದ್ಧಿಭ್ರಮೆಯಾಗುವುದು. ಮನೆಮದ್ದಿನಲ್ಲಿ ಹೊತ್ತುಗಳೆಯದೆ, ಉಳಿದ ಸೊಪ್ಪನ್ನೂ ಜೊತೆಗೆ ತೆಗೆದುಕೊಂಡು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕಿತ್ತ ಸೊಪ್ಪನ್ನು ಒಲೆಗೆ ಇಡುವ ಮುನ್ನ ತಿಳಿದವರೊಬ್ಬರು ಎಲೆ ಎಲೆಯಾಗಿ ಆರಿಸಿ ನೋಡುವ ಪದ್ಧತಿಯನ್ನು ಯಾವ ಅವಸರದಲ್ಲಿಯೂ ಬಿಡಕೂಡದು.

ಅಜ್ಜಿಯರ ತಿಳಿವಳಿಕೆಯಷ್ಟೇ ಈಗ ಸಾಲದು. ಕಾಂಗ್ರೆಸ್ ಗಿಡವೆಂದು ಜನರು ಕರೆಯುವ ಪಾರ್ಥೇನಿಯಂ ಈ ದೇಶದಲ್ಲಿ ಹರಡತೊಡಗಿದ್ದು 1955ರಿಂದೀಚೆಗೆ. ಮುಟ್ಟಿದ ಕೆಲವರಿಗೆ ಮೈ ತುರಿಸಿ ದದ್ದು ಏಳುವುದು. ಕಳೆನಾಶಕವೂ ಹಿಂದಿನವರು ಕಾಣದ ವಸ್ತು. ಅದನ್ನು ಸಿಂಪಡಿಸಿದ ಹೊಲದ ಸೊಪ್ಪು ಕೆಲವು ದಿನ ಹಸುರಾಗಿಯೇ ನಿಂತಿರುವುದರಿಂದ ನೋಡಿ ತಿಳಿಯುವಂತಿಲ್ಲ. ಚರಂಡಿಯ ಅಂಚು, ಗಾಡಿಗಳು ಓಡಾಡುವ ರಸ್ತೆಯ ಪಕ್ಕ ಇವುಗಳಿಂದಲೂ ಕೀಳಿಸಬಾರದು.

ಔಷಧಿ ಸಿಂಪಡಿಸಿದವರು ಬದುವಿನ ನಾಲ್ಕು ಮೂಲೆಗಳಲ್ಲಿಯೂ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟತಕ್ಕದ್ದು. ಈ ಗುರುತಿನ ಅರ್ಥವನ್ನು ಗ್ರಾಮದ ಮುಖಂಡರು ಊರಿನಲ್ಲಿ ಸಾರಿಸಿ, ಶಾಲೆಯ ಮಕ್ಕಳಿಗೂ ತಿಳಿಸಬೇಕು. ಗುರುತು ಇರುವ ಹೊಲದಲ್ಲಿ ಆ ಬೆಳೆ ಕೊಯ್ಲಾಗುವವರೆಗೆ ಯಾರೂ ಸೊಪ್ಪು ಕೀಳಕೂಡದು.