ಎಂಐಆರ್17ಎಚ್‌ಜಿ ವಂಶವಾಹಿ

ಎಂಐಆರ್17ಎಚ್‌ಜಿ ಮಾನವನ 13ನೆಯ ವರ್ಣತಂತುವಿನಲ್ಲಿರುವ ಒಂದು ವಂಶವಾಹಿ. ಇದರಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಇದರ ಆರ್‌ಎನ್‌ಎ ಎಳೆಯಿಂದ ಆರು ಮೈಕ್ರೋಆರ್‌ಎನ್‌ಎಗಳು ದೊರೆಯುವುದರಿಂದ ಇದನ್ನು ಮೈಕ್ರೋಆರ್‌ಎನ್‌ಎಗಳ ಆತಿಥೇಯ ವಂಶವಾಹಿ ಎಂದು ಕರೆಯುತ್ತಾರೆ. ಇದರ ಚಟುವಟಿಕೆ ಮಿತಿಮೀರಿದರೆ ಕೆಲವು ಬಗೆಯ ಕ್ಯಾನ್ಸರ್ ಬೆಳೆಯಲು ನೆರವಾಗುತ್ತದೆ. ಕೊರತೆಯಾದರೆ ದೇಹದ ಬೆಳವಣಿಗೆಯಲ್ಲಿ ದೋಷಗಳು ಉಂಟಾಗುತ್ತವೆ.

ಹೆಸರು ಮತ್ತು ಸ್ಥಾನ

ಹೆಸರಿನ ಕೊನೆಯಲ್ಲಿರುವ ‘ಎಚ್‌ಜಿ’ ಎಂಬುದು ಹೋಸ್ಟ್ ಜೀನ್, ಅಂದರೆ ಆತಿಥೇಯ ವಂಶವಾಹಿ ಎಂಬುದರ ಸಂಕ್ಷಿಪ್ತ ರೂಪ. ಇದರ ಹಿಂದಿನ ಹೆಸರು ಸಿ13ಒಆರ್‌ಎಫ್25. ವರ್ಣತಂತುವಿನ ಉದ್ದನೆಯ ತೋಳಿನಲ್ಲಿ 13ಕ್ಯೂ31.3 ಎಂಬ ಪಟ್ಟಿಯಲ್ಲಿ ಇದು ನೆಲೆಸಿದೆ.

ರಚನೆ ಮತ್ತು ಕಾರ್ಯ

ಈ ವಂಶವಾಹಿಯ ಆರ್‌ಎನ್‌ಎ ಎಳೆಯಲ್ಲಿ ಕೂದಲ ಪಿನ್ನಿನಂತೆ ಮಡಚಿಕೊಂಡ ಆರು ಭಾಗಗಳಿವೆ. ಕೋಶಕೇಂದ್ರದಲ್ಲಿ ಡ್ರೋಶಾ ಎಂಬ ಕಿಣ್ವವು ಅವುಗಳನ್ನು ಕತ್ತರಿಸಿ ಬೇರ್ಪಡಿಸುತ್ತದೆ. ಅನಂತರ ಕೋಶರಸದಲ್ಲಿ ಡೈಸರ್ ಎಂಬ ಕಿಣ್ವವು ಅವುಗಳನ್ನು ಸುಮಾರು 22 ನ್ಯೂಕ್ಲಿಯೊಟೈಡ್‌ಗಳಷ್ಟು ಉದ್ದದ ತುಂಡುಗಳನ್ನಾಗಿ ಮಾಡುತ್ತದೆ. ಹೀಗೆ ಸಿದ್ಧವಾಗುವ ಮಿಆರ್-17, 18ಎ, 19ಎ, 20ಎ, 19ಬಿ ಮತ್ತು 92ಎಗಳನ್ನು ಒಟ್ಟಾಗಿ ಮಿಆರ್-17-92 ಗುಚ್ಛ ಎನ್ನುತ್ತಾರೆ. ಮೈಕ್ರೋಆರ್‌ಎನ್‌ಎಯು ತನಗೆ ಹೊಂದುವ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು, ಅದರಿಂದ ತಯಾರಾಗಬೇಕಾದ ಪ್ರೋಟೀನಿನ ಪ್ರಮಾಣವನ್ನು ತಗ್ಗಿಸುತ್ತದೆ.

ಕ್ಯಾನ್ಸರ್‌ನೊಂದಿಗಿನ ಸಂಬಂಧ

ಲಿಂಫೋಮಾ ಎಂಬುದು ಬಿಳಿ ರಕ್ತಕಣಗಳ ಒಂದು ಬಗೆಯಾದ ಲಿಂಫೋಸೈಟ್‌ಗಳಿಗೆ ತಗಲುವ ಕ್ಯಾನ್ಸರ್. ಕೆಲವು ಬಿ-ಕೋಶ ಲಿಂಫೋಮಾಗಳಲ್ಲಿ 13ನೆಯ ವರ್ಣತಂತುವಿನ ಈ ಭಾಗದ ಪ್ರತಿಗಳು ಹೆಚ್ಚಾಗಿರುವುದು ಕಂಡುಬಂದಿತ್ತು. ಆ ಭಾಗದಲ್ಲಿ ಅತಿಯಾಗಿ ಚಟುವಟಿಕೆ ತೋರುತ್ತಿದ್ದುದು ಇದೇ ವಂಶವಾಹಿ ಎಂದು 2004ರಲ್ಲಿ ಜಪಾನಿನ ಸಂಶೋಧಕರು ಗುರುತಿಸಿದರು. 2005ರಲ್ಲಿ ನಡೆಸಿದ ಪ್ರಯೋಗದಲ್ಲಿ, ಮಿಕ್ ಎಂಬ ಕ್ಯಾನ್ಸರ್‌ಕಾರಕ ವಂಶವಾಹಿಯ ಜೊತೆಗೆ ಈ ಗುಚ್ಛವೂ ಅತಿಯಾಗಿ ದುಡಿದಾಗ ಇಲಿಗಳಲ್ಲಿ ಲಿಂಫೋಮಾ ಬೇಗನೆ ತಲೆದೋರಿತು. ಇದರಿಂದಾಗಿ ಗುಚ್ಛಕ್ಕೆ ‘ಆಂಕೊಮಿರ್-1’ ಎಂಬ ಹೆಸರು ಬಂದಿತು. ಮಿಕ್ ಪ್ರೋಟೀನು ಈ ಗುಚ್ಛವನ್ನು ನೇರವಾಗಿ ಪ್ರಚೋದಿಸುತ್ತದೆ ಎಂಬುದೂ ಅದೇ ವರ್ಷ ತಿಳಿದುಬಂದಿತು.

ಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ಪಿಟೆನ್ ಹಾಗೂ ಕೆಟ್ಟ ಕೋಶಗಳ ಸಾವಿಗೆ ಕಾರಣವಾಗುವ ಬಿಮ್ ಎಂಬ ಪ್ರೋಟೀನುಗಳನ್ನು ಈ ಗುಚ್ಛವು ತಗ್ಗಿಸುತ್ತದೆ. ಆಗ ಸಾಯಬೇಕಾದ ಕೋಶಗಳು ಉಳಿದುಕೊಂಡು ವಿಭಜನೆ ಹೊಂದುತ್ತವೆ.

ಕೊರತೆಯ ಪರಿಣಾಮ

ಗುಚ್ಛವನ್ನು ಸಂಪೂರ್ಣವಾಗಿ ತೆಗೆದುಹಾಕಿದ ಇಲಿಮರಿಗಳು ಹುಟ್ಟಿದ ಕೆಲಕಾಲದಲ್ಲೇ ಸಾಯುತ್ತವೆ. ಅವುಗಳ ಶ್ವಾಸಕೋಶಗಳು ಚಿಕ್ಕವಾಗಿದ್ದು, ಹೃದಯದಲ್ಲಿಯೂ ದೋಷವಿರುತ್ತದೆ. ಮಾನವನಲ್ಲಿ ಈ ವಂಶವಾಹಿಯ ಒಂದು ಪ್ರತಿ ಹುಟ್ಟಿನಿಂದಲೇ ಇಲ್ಲದಿದ್ದರೆ ಎರಡನೆಯ ಬಗೆಯ ಫೈನ್‌ಗೋಲ್ಡ್ ಸಿಂಡ್ರೋಮ್ ಉಂಟಾಗುತ್ತದೆ ಎಂದು 2011ರಲ್ಲಿ ವರದಿಯಾಯಿತು. ಚಿಕ್ಕ ತಲೆ, ಗಿಡ್ಡ ಮೈಕಟ್ಟು, ಕೈಕಾಲು ಬೆರಳುಗಳ ವ್ಯತ್ಯಾಸ ಇದರ ಲಕ್ಷಣಗಳು.

ಮಹತ್ವ

ಪ್ರೋಟೀನ್ ತಯಾರಿಸದ ವಂಶವಾಹಿಯೂ ರೋಗಕ್ಕೆ ಕಾರಣವಾಗಬಲ್ಲದು ಎಂಬುದಕ್ಕೆ ಎಂಐಆರ್17ಎಚ್‌ಜಿ ಒಂದು ಸ್ಪಷ್ಟ ನಿದರ್ಶನ. ಕ್ಯಾನ್ಸರ್ ಕೋಶಗಳಿಗೆ ನೆರವಾಗುವ ಈ ಗುಚ್ಛವೇ ಆರೋಗ್ಯವಂತ ಅಂಗಗಳ ಬೆಳವಣಿಗೆಗೂ ಬೇಕಾಗಿರುವುದರಿಂದ, ಇದನ್ನು ತಡೆಯುವ ಯಾವುದೇ ಚಿಕಿತ್ಸೆಯು ಎರಡೂ ಪಾತ್ರಗಳನ್ನು ಗಮನದಲ್ಲಿಟ್ಟುಕೊಳ್ಳಬೇಕಾಗುತ್ತದೆ.