ಕೆಂಡದ ಅಡಿಗೆಗೆ ಹತ್ತು ಕಿಲೋ ಮಸಾಲೆಪುಡಿ

ನಮ್ಮ ಪೂರ್ವವಿದ್ಯಾರ್ಥಿನಿಯರು ಕ್ರಿಸ್‌ಮಸ್ ಮಾರಾಟದಲ್ಲಿಡುವ ಪದಾರ್ಥಗಳೊಳಗೆ ಎಲ್ಲಕ್ಕೂ ಮುಂಚೆ ಮುಗಿದುಹೋಗುವುದು, ಕೆಂಡದ ಮೇಲೆ ಸುಡುವ ಕೋಳಿಗೂ ಮೀನಿಗೂ ಹಚ್ಚುವ ಒಣಮಸಾಲೆಯ ಪುಡಿ. ಅದರಿಂದ ಬರುವ ಹಣವು ಪ್ರತಿವರ್ಷವೂ ಒಬ್ಬ ಹುಡುಗಿಯ ವಸತಿಗೃಹದ ಶುಲ್ಕಕ್ಕೆ ಸಲ್ಲುತ್ತದೆ. ಇಂತಹ ಕೆಲಸದ ಕ್ರಮವು ಒಬ್ಬಳ ಕೈಯಲ್ಲಿಯೇ ನಿಂತುಹೋಗುವುದು ಯುಕ್ತವಲ್ಲ. ಆದಕಾರಣ ಮಾರತ್ತಹಳ್ಳಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಹತ್ತು ಕಿಲೋ ಪುಡಿಯು ಹೇಗೆ ಸಿದ್ಧವಾಗುವುದೆಂಬುದನ್ನು, ಮೊದಲ ವರ್ಷದ ನಷ್ಟವನ್ನು ಸಹ ಮರೆಮಾಚದೆ ತಿಳಿಸುತ್ತೇನೆ.

ಅಮೆರಿಕ ದೇಶದವರು ಬಾರ್ಬೆಕ್ಯೂ ಎಂಬ ಅಡಿಗೆಗೆ ಇಂಥದೇ ಪುಡಿಯನ್ನು ಮಾಡುವರು. ಅದರಲ್ಲಿ ಉಪ್ಪೂ ಕಂದುಸಕ್ಕರೆಯೂ ಧಾರಾಳವಾಗಿರುವವು. ನಾನು ಆ ಕ್ರಮವನ್ನು ಅನುಸರಿಸಿ, ಸಕ್ಕರೆಗೆ ಬದಲಾಗಿ ಬೆಲ್ಲದ ಪುಡಿಯನ್ನೂ ಅದರೊಡನೆ ಉಪ್ಪನ್ನೂ ಬೆರೆಸಿ, ಜುಲೈ ತಿಂಗಳಲ್ಲಿಯೇ ಬೀಸಿಸಿ ಡಬ್ಬಗಳಲ್ಲಿ ತುಂಬಿಸಿಟ್ಟೆನು. ಡಿಸೆಂಬರಿನಲ್ಲಿ ತೆರೆದು ನೋಡಿದರೆ ಇಟ್ಟಿಗೆಯಂತಹ ಗಡ್ಡೆ! ಸುತ್ತಿಗೆಯಿಂದ ಒಡೆದ ಒಂದು ಚೂರನ್ನು ಕುಟ್ಟಿ ಕೋಳಿಗೆ ಹಚ್ಚಿ ಸುಟ್ಟಾಗ, ಹೊರಗೆ ಇದ್ದಲಿನಂತೆ ಕರಿದಾಯಿತು, ಒಳಗೆ ಹಸಿಯಾಗಿಯೇ ಉಳಿಯಿತು. ಆರು ಕಿಲೋ ಪುಡಿಯು ಗೊಬ್ಬರದ ಗುಂಡಿಯನ್ನು ಸೇರಿತು. ಆ ವರ್ಷದ ಶುಲ್ಕವನ್ನು ನಾವು ನಾಲ್ವರು ಗೆಳತಿಯರು ಕೈಯಿಂದಲೇ ಕಟ್ಟಬೇಕಾಯಿತು.

ಕಾರಣವನ್ನು ವಿಚಾರಿಸಿದರೆ ತಪ್ಪು ಅಮೆರಿಕದವರದಲ್ಲ, ನನ್ನದೇ. ಗಾಳಿಯ ತೇವವು ನೂರಕ್ಕೆ ಸುಮಾರು 75ನ್ನು ಮೀರಿತೆಂದರೆ ಉಪ್ಪು ಆ ನೀರನ್ನು ಹೀರಿ ಕರಗತೊಡಗುವುದು. ನಮ್ಮ ಮಳೆಗಾಲದಲ್ಲಿ ಇದು ದಿನನಿತ್ಯದ ಮಾತು. ಇನ್ನು ಆ ದೇಶದವರು ಮಾಂಸವನ್ನು 110ರಿಂದ 120 ಡಿಗ್ರಿ ಸೆಂಟಿಗ್ರೇಡಿನ ಮಂದವಾದ ಶಾಖದಲ್ಲಿ ಅನೇಕ ಗಂಟೆಗಳ ಕಾಲ ಬೇಯಿಸುವರು. ಅಷ್ಟು ಶಾಖಕ್ಕೆ ಸಕ್ಕರೆಯು ಸೀಯದು. ನಾವಾದರೋ ನಿಗಿನಿಗಿ ಕೆಂಡದ ಮೇಲೆಯೇ ಇಡುವವರು. ಆದ್ದರಿಂದ ಉಪ್ಪನ್ನೂ ಬೆಲ್ಲವನ್ನೂ ಪುಡಿಗೆ ಎಂದೆಂದಿಗೂ ಸೇರಿಸಕೂಡದು. ಅಡಿಗೆಯ ದಿನ ಬೇರೆಯಾಗಿಯೇ ಉಪಯೋಗಿಸತಕ್ಕದ್ದು.

ಈಗ ಸಾಮಾನುಗಳ ವಿಷಯ. ತೊಟ್ಟು ತೆಗೆದ ಬ್ಯಾಡಗಿ ಮೆಣಸಿನಕಾಯಿ ಮೂರೂವರೆ ಕಿಲೋ, ಗುಂಟೂರು ಮೆಣಸಿನಕಾಯಿ ಮುಕ್ಕಾಲು ಕಿಲೋ, ಕೊತ್ತಂಬರಿ ಬೀಜ ಮೂರು ಕಿಲೋ, ಕರಿಮೆಣಸು 800 ಗ್ರಾಂ, ಜೀರಿಗೆ 700, ಅರಸಿನಕೊಂಬೂ ಒಣಶುಂಠಿಯೂ 300ರಂತೆ, ಸಾಸಿವೆ 250, ಚಕ್ಕೆ 150, ಲವಂಗ 100. ಇನ್ನುಳಿದ 150 ಗ್ರಾಂ ಮರಾಠಿ ಮೊಗ್ಗು. ಮಾರತ್ತಹಳ್ಳಿಯವಳಾಗಿ ಅದನ್ನು ಬಿಡಲು ಮನಸ್ಸು ಬಾರದೆಂದು ಮನೆಯವರು ನಗುವುದುಂಟು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರನ್ನು ಹೊತ್ತ ಆ ಸುಕ್ಕುಗಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಪಾಶ್ಚಾತ್ಯರ ಪುಡಿಯಲ್ಲಿ ಪಾಪ್ರಿಕ ಮಾಡುವ ಕೆಲಸವನ್ನು ನಮ್ಮಲ್ಲಿ ಇದೇ ಮಾಡುವುದು. ಖಾರಕ್ಕಾಗಿ ಗುಂಟೂರಿನದು.

ಅಂಗಡಿಯ ಮೆಣಸಿನಪುಡಿಯನ್ನೇ ತಂದು ಬೆರೆಸಿದರಾಗದೆ ಎಂದು ಕೆಲವರು ಕೇಳುವರು. 2005ರಲ್ಲಿ ಇಂಗ್ಲೆಂಡಿನಲ್ಲಿ ಮೆಣಸಿನಪುಡಿಯ ಮೂಲಕ ಸೂಡಾನ್ ಎಂಬ ನಿಷಿದ್ಧ ಬಣ್ಣವು ಸೇರಿಕೊಂಡಿದ್ದ ನೂರಾರು ಬಗೆಯ ಆಹಾರಗಳನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆಯಬೇಕಾಯಿತು. ಇಡಿಯ ಕಾಯಿಯನ್ನು ಕಣ್ಣಿನಿಂದ ಪರೀಕ್ಷಿಸಬಹುದು, ಪುಡಿಯನ್ನು ಪರೀಕ್ಷಿಸಲಾಗದು.

ತೂಕದಲ್ಲಿ ಹಿಡಿಲೆಕ್ಕ ಸಲ್ಲದು. ಮನೆಮಟ್ಟಿಗೆ ಮಾಡುವಾಗ ಕೈಯಳತೆಯ ತಪ್ಪನ್ನು ನಾಳಿನ ಅಡಿಗೆಯಲ್ಲಿ ತಿದ್ದಿಕೊಳ್ಳಬಹುದು. ಹತ್ತು ಕಿಲೋ ಪುಡಿಗೆ ಲವಂಗ ಹೆಚ್ಚಾದರೆ ತಿದ್ದುವ ಬಗೆಯಿಲ್ಲ. ಆದಕಾರಣ ಮೊದಲು ನೂರರಲ್ಲಿ ಒಂದು ಪಾಲನ್ನು, ಅಂದರೆ 100 ಗ್ರಾಂ ಮಾತ್ರ, ತೂಗಿ ಪುಡಿಮಾಡಿ ಒಂದು ತುಂಡು ಕೋಳಿಗೆ ಹಚ್ಚಿ ಸುಟ್ಟು ತಿಂದು ನೋಡಬೇಕು. ಆ ಪಾಲಿಗೆ ಲವಂಗವು ಒಂದೇ ಗ್ರಾಂ, ಅಂದರೆ ಸುಮಾರು ಹತ್ತು ಹನ್ನೆರಡು ಮೊಗ್ಗು. ರುಚಿಯು ಒಪ್ಪಿಗೆಯಾದ ಮೇಲೆಯೇ ನೂರರಿಂದ ಗುಣಿಸತಕ್ಕದ್ದು.

ಮೆಣಸಿನಕಾಯಿಯನ್ನು ಮಾರ್ಚಿಯಲ್ಲಿ ಕೊಂಡು, ಒಣಗಿಸಿ, ತೊಟ್ಟಿನ ಸಮೇತ ಬಿಗಿಯಾದ ಡಬ್ಬದಲ್ಲಿಟ್ಟು, ನವೆಂಬರಿನ ಕೊನೆಯಲ್ಲಿ ಪುನಃ ಎರಡು ದಿನ ಬಿಸಿಲಿಗೆ ಹಾಕುತ್ತೇನೆ. ವರ್ತುಲ ರಸ್ತೆಯ ಧೂಳು ನಮ್ಮ ಮಾಳಿಗೆಗೂ ಬರುವುದರಿಂದ ಮೇಲೆ ತೆಳುವಾದ ಮಲ್ಲುಬಟ್ಟೆಯನ್ನು ಹೊದಿಸಲೇಬೇಕು. ಮುರಿದರೆ ಚಟ್ಟೆಂದು ಸದ್ದಾಗಬೇಕು; ಬಾಗಿದರೆ ಇನ್ನೂ ಒಣಗಿಲ್ಲ. ಆಮೇಲೆ ತೊಟ್ಟು ತೆಗೆಯುತ್ತ ಒಂದೊಂದನ್ನೂ ನೋಡಬೇಕು. ಈ ಕೆಲಸದಲ್ಲಿ ಬೇಸರವು ಸಹಜ, ಆದರೆ ಇಲ್ಲಿ ಮಾತ್ರ ಅವಸರ ಬೇಡ. ಬೂಷ್ಟು ಹಿಡಿದ ಕಾಯಿಯೊಳಗೆ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದು. ಅದು ಈರಲಿಯನ್ನು ಕೆಡಿಸುವುದು, ಹುರಿದರೂ ಸುಟ್ಟರೂ ಪೂರ್ತಿ ನಾಶವಾಗದು. ಬೂದುಬಣ್ಣದ ಮಚ್ಚೆಯಿದ್ದುದನ್ನು ನಷ್ಟವೆಂದು ನೋಡದೆ ಎಸೆಯಿರಿ. ಈ ಪುಡಿಯನ್ನು ಮಕ್ಕಳೂ ತಿನ್ನುವರು. ಹೀಗೆ ಎಸೆದು ಉಳಿದುದನ್ನೇ ತೂಗಬೇಕು.

ಕೊತ್ತಂಬರಿ, ಜೀರಿಗೆ, ಕರಿಮೆಣಸುಗಳನ್ನು ಬೇರೆಬೇರೆಯಾಗಿ, ಪರಿಮಳವೇಳುವವರೆಗೆ ಮಾತ್ರ ಬೆಚ್ಚಗೆ ಮಾಡಬೇಕು. ಮೆಣಸಿನಕಾಯಿಗೆ ಬಿಸಿಲೇ ಸಾಕು. ಅರಸಿನಕೊಂಬನ್ನೂ ಶುಂಠಿಯನ್ನೂ ಮನೆಯಲ್ಲಿಯೇ ಜಜ್ಜಿಕೊಳ್ಳತಕ್ಕದ್ದು. ಗಿರಣಿಗೆ ಹೋಗುವುದಾದರೆ ಮೆಣಸಿನಕಾಯಿ ಬೀಸುವ ಯಂತ್ರವೇ ಆಗಬೇಕು; ಮೊದಲು ಅರ್ಧ ಕಿಲೋ ನಮ್ಮದೇ ಕೊತ್ತಂಬರಿಯನ್ನು ಹೆಚ್ಚಾಗಿ ಒಯ್ದು ಬೀಸಿಸಿ ಬದಿಗಿಟ್ಟರೆ ಹಿಂದಿನವರ ಪುಡಿಯು ಅದರೊಡನೆ ಹೊರಟುಹೋಗುವುದು. ಬೀಸಿದ ಪುಡಿಯು ಬಿಸಿಯಾಗಿರುತ್ತದೆ. ಅದನ್ನು ಹಾಗೆಯೇ ಮುಚ್ಚಿದರೆ ಮುಚ್ಚಳದೊಳಗೆ ಹಬೆಯು ನೀರಾಗಿ, ಎರಡು ದಿನಗಳ ಬಿಸಿಲು ವ್ಯರ್ಥವಾಗುವುದು. ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ, ಗುಡ್ಡೆಮಾಡಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಪಾಲುಗಳನ್ನು ಕೂಡಿಸಿ, ಹೀಗೆ ನಾಲ್ಕಾರು ಸಲ ಕಲಸಿ ಜರಡಿ ಹಿಡಿಯಬೇಕು. ಇಲ್ಲದಿದ್ದರೆ ಮೊದಲ ಸೀಸೆಯಲ್ಲಿ ಕೊತ್ತಂಬರಿ, ಕೊನೆಯದರಲ್ಲಿ ಬರಿಯ ಖಾರ.

ಕೊಂಡವರಿಗೆ ನಾವು ಸೀಸೆಯೊಡನೆ ಒಂದು ಚೀಟಿಯನ್ನೂ ಕೊಡುತ್ತೇವೆ. ಒಂದು ಕಿಲೋ ಕೋಳಿಗೆ 12 ಗ್ರಾಂ ಉಪ್ಪನ್ನು ಹಿಂದಿನ ರಾತ್ರಿಯೇ ಸವರಿ ಶೀತಪೆಟ್ಟಿಗೆಯಲ್ಲಿಡಿರಿ. ಯಾಕಂದರೆ ಮಾಂಸದ ಆಳಕ್ಕೆ ಇಳಿಯುವುದು ಮುಖ್ಯವಾಗಿ ಉಪ್ಪೇ, ಮಸಾಲೆಯು ಬಹುಮಟ್ಟಿಗೆ ಮೇಲ್ಮೈಯಲ್ಲಿಯೇ ನಿಲ್ಲುವುದು. ಮರುದಿನ ಸ್ವಲ್ಪ ಎಣ್ಣೆಯೊಡನೆ 30 ಗ್ರಾಂ ಪುಡಿಯನ್ನು ಹಚ್ಚಿ, ಕೆಂಡವನ್ನು ಒಂದು ಬದಿಗೆ ಸರಿಸಿ, ಇನ್ನೊಂದು ಬದಿಯಲ್ಲಿ ಮಾಂಸವನ್ನಿಟ್ಟು ಬೇಯಿಸಿರಿ. ಮೂಳೆಯ ಬಳಿ ಶಾಖವು 74 ಡಿಗ್ರಿಗೆ ಬಂದ ಮೇಲೆ, ಬೇಕಾದವರು ಬೆಲ್ಲದ ನೀರನ್ನು ಸವರಿ ಎರಡು ನಿಮಿಷ ಮಾತ್ರ ಕೆಂಡದ ಮೇಲೆ ಹಿಡಿಯಬಹುದು. ಒದ್ದೆ ಚಮಚವನ್ನು ಸೀಸೆಯೊಳಗೆ ಹಾಕಬೇಡಿರಿ.